ಮೇಲ್ಬೆನ್ನಿಗೆ ಎಣ್ಣೆಯೊಂದೇ ಸಾಲದು



ಕಳೆದ ಚಳಿಗಾಲದಲ್ಲಿ ಜಯನಗರದ ತಾಯಿಯೊಬ್ಬರು ನಮ್ಮ ಚಿಕಿತ್ಸಾಲಯಕ್ಕೆ ಬಂದರು. ವಯಸ್ಸು ಎಪ್ಪತ್ತೊಂದು, ಶಾಲಾ ಶಿಕ್ಷಕಿಯಾಗಿ ನಿವೃತ್ತರಾದವರು. ಸಕ್ಕರೆ ಕಾಯಿಲೆಯಿಲ್ಲ, ರಕ್ತದೊತ್ತಡ ಹತೋಟಿಯಲ್ಲಿದೆ, ಬೆಳಗಿನ ಮುಕ್ಕಾಲು ಗಂಟೆಯ ನಡಿಗೆಯನ್ನು ತಪ್ಪಿಸುವವರಲ್ಲ. ಅವರ ಕೊರಗು ಬೇರೆಯದೇ ಆಗಿತ್ತು. "ಡಾಕ್ಟ್ರೇ, ಪೂಜೆಗೆ ಕೂತರೆ ಐದು ನಿಮಿಷಕ್ಕೇ ಕೈ ಇಳಿದುಹೋಗುತ್ತದೆ. ಕತ್ತಿನ ಬುಡದಿಂದ ಹೆಗಲವರೆಗೆ ಉರಿ. ಅಂಗೈಯನ್ನು ಎದೆಯ ಮಟ್ಟಕ್ಕೆ ಹಿಡಿಯಲಾಗದೆ ತೊಡೆಯ ಮೇಲೆ ಇಟ್ಟುಕೊಂಡು, ತಲೆ ಬಗ್ಗಿಸಿ ಲಿಂಗವನ್ನು ನೋಡುವಂತಾಗಿದೆ. ಯಾವುದಾದರೂ ಒಳ್ಳೆಯ ಎಣ್ಣೆ ಕೊಡಿ" ಎಂದರು.

ಅವರನ್ನು ಕರೆತಂದಿದ್ದ ಮೊಮ್ಮಗ ಬಿ.ಟಿ.ಎಂ. ಬಡಾವಣೆಯ ಕಚೇರಿಯೊಂದರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಇಪ್ಪತ್ತನಾಲ್ಕರ ತರುಣ. ಅಜ್ಜಿ ಮಾತನಾಡುತ್ತಿದ್ದಷ್ಟು ಹೊತ್ತೂ ಅವನ ಎಡ ಅಂಗೈಯಲ್ಲಿ ಮೊಬೈಲು ಇತ್ತು, ತಲೆ ಬಗ್ಗಿತ್ತು, ಬಲಗೈ ಆಗಾಗ ಕತ್ತಿನ ಹಿಂಭಾಗವನ್ನು ಅಮುಕಿಕೊಳ್ಳುತ್ತಿತ್ತು. ಕೇಳಿದಾಗ, ಅವನಿಗೂ ಅದೇ ಜಾಗದಲ್ಲಿ ಅದೇ ಉರಿ ಇದ್ದುದು ತಿಳಿಯಿತು. ಅಜ್ಜಿಗಿಂತ ಒಂದು ವರ್ಷ ಮೊದಲೇ ಅದು ಅವನಿಗೆ ಬಂದಿತ್ತು!

ಒಂದೇ ಮನೆಯ ಎರಡು ತಲೆಮಾರುಗಳ ಒಂದೇ ನೋವನ್ನು ಮುಂದಿಟ್ಟುಕೊಂಡು ಈ ತಿಂಗಳ ಲೇಖನವನ್ನು ಬರೆಯುತ್ತಿದ್ದೇವೆ. ನಮ್ಮ ಅಭಿಪ್ರಾಯವನ್ನು ಆರಂಭದಲ್ಲಿಯೇ ಹೇಳಿಬಿಡುತ್ತೇವೆ. ಕತ್ತು ಮತ್ತು ಮೇಲ್ಬೆನ್ನಿನ ನೋವುಗಳಲ್ಲಿ ಬಹುಪಾಲು ಎಣ್ಣೆಯ ಕೊರತೆಯಿಂದ ಬಂದವಲ್ಲ, ಬಲದ ಕೊರತೆಯಿಂದ ಬಂದವು. ಎಣ್ಣೆ ನೋವನ್ನು ಶಮನಗೊಳಿಸಬಲ್ಲದು. ಆದರೆ ಭಾರವನ್ನು ಹೊರಲಾರದು. ಭಾರ ಹೊರಬೇಕಾದುದು ಮಾಂಸಪೇಶಿ, ಮತ್ತು ಪೇಶಿಯು ಬಲಗೊಳ್ಳುವುದು ದುಡಿಮೆಯಿಂದ ಮಾತ್ರ. ನಾಲ್ಕು ದಶಕಗಳಿಂದ ತೈಲಗಳನ್ನೇ ನಂಬಿ ವೃತ್ತಿ ನಡೆಸಿದ ಆಯುರ್ವೇದ ವೈದ್ಯರಾದ ನಾವು ಈ ಮಾತನ್ನು ಹೇಳುತ್ತಿದ್ದೇವೆಂದು ಓದುಗರು ಅಚ್ಚರಿಪಡಬಾರದು. ಅದರ ಕಾರಣವನ್ನು ಮುಂದೆ ಹೇಳುತ್ತೇವೆ.

ಹೆಗಲ ಮೇಲಿನ ಶಲ್ಯ

ಮೊದಲು ಆ ಜಾಗದ ರಚನೆಯನ್ನು ತಿಳಿದುಕೊಳ್ಳೋಣ. ತಲೆಬುರುಡೆಯ ಹಿಂಬದಿಯ ಬುಡದಿಂದ ಹೊರಟು, ಕತ್ತಿನ ನಡುಗೆರೆಯಲ್ಲಿ ಇಳಿದು, ಎದೆಗೂಡಿನ ಕೊನೆಯ ಕಶೇರುಕದವರೆಗೆ ಸಾಗಿ, ಅಲ್ಲಿಂದ ಎರಡೂ ಹೆಗಲುಗಳಿಗೆ ಹರಡಿಕೊಂಡಿರುವ ಅಗಲವಾದ ಪೇಶಿಯೊಂದಿದೆ. ಆಧುನಿಕ ಶರೀರಶಾಸ್ತ್ರದಲ್ಲಿ ಅದಕ್ಕೆ ಟ್ರಪೀಜಿಯಸ್ ಎಂದು ಹೆಸರು. ಹಿಂದಿನಿಂದ ನೋಡಿದರೆ ಹಿರಿಯರು ಹೆಗಲ ಮೇಲೆ ಹೊದ್ದ ಶಲ್ಯದಂತೆ ಕಾಣುತ್ತದೆ. ಅದರ ಮೇಲ್ಭಾಗವು ಹೆಗಲನ್ನು ಎತ್ತುತ್ತದೆ. ನಡುಭಾಗವು ಹೆಗಲ ಹಲಗೆಯನ್ನು ಬೆನ್ನುಮೂಳೆಯ ಕಡೆಗೆ ಸೆಳೆಯುತ್ತದೆ. ಕೆಳಭಾಗವು ಅದನ್ನು ಕೆಳಗೆಳೆದು ನಿಲ್ಲಿಸುತ್ತದೆ. ಇದರ ಅಡಿಯಲ್ಲಿ ಹೆಗಲ ಹಲಗೆಗಳ ನಡುವೆ ಇನ್ನೂ ಕೆಲವು ಚಿಕ್ಕ ಪೇಶಿಗಳಿವೆ. ಇವೆಲ್ಲ ಸೇರಿ ಹೆಗಲ ಹಲಗೆಯನ್ನು ಭದ್ರವಾಗಿ ಹಿಡಿದರೆ ಮಾತ್ರ ತೋಳು ಮುಂದೆ ಚಾಚಿಕೊಂಡು ನಿಲ್ಲಬಲ್ಲದು.

ನಮ್ಮ ಪೂರ್ವಾಚಾರ್ಯರು ಈ ಭಾಗವನ್ನು ಕಡೆಗಣಿಸಿರಲಿಲ್ಲ. ಸುಶ್ರುತರು ಮರ್ಮಗಳನ್ನು ಎಣಿಸುವಾಗ ಕತ್ತು ಮತ್ತು ತೋಳುಗಳ ನಡುವೆ ಅಂಸಮರ್ಮವನ್ನೂ, ಬೆನ್ನಿನ ಮೇಲ್ಭಾಗದಲ್ಲಿ ಬೆನ್ನುಮೂಳೆಯ ಇಕ್ಕೆಲಗಳಲ್ಲಿ ಅಂಸಫಲಕ ಮರ್ಮವನ್ನೂ ಹೇಳಿದ್ದಾರೆ. ಮೊದಲನೆಯದಕ್ಕೆ ಪೆಟ್ಟಾದರೆ ತೋಳು ಸೆಟೆದುಕೊಳ್ಳುವುದೆಂದೂ, ಎರಡನೆಯದಕ್ಕೆ ಪೆಟ್ಟಾದರೆ ತೋಳು ಜೋಮುಗಟ್ಟುವುದು ಅಥವಾ ಸೊರಗುವುದೆಂದೂ ತಿಳಿಸಿದ್ದಾರೆ. ತೋಳಿನ ಆರೋಗ್ಯದ ಬೇರು ಬೆನ್ನಿನಲ್ಲಿದೆ ಎಂಬುದನ್ನು ಅವರು ಅಂದೇ ಕಂಡಿದ್ದರು.

ಇನ್ನು ಭಾರದ ಲೆಕ್ಕ. ವಯಸ್ಕರ ತಲೆಯ ತೂಕ ಸುಮಾರು ನಾಲ್ಕೂವರೆಯಿಂದ ಐದು ಕಿಲೋ. ಒಂದು ತೋಳಿನ ತೂಕ ದೇಹದ ತೂಕದ ನೂರಕ್ಕೆ ಐದರಷ್ಟು. ಅರವತ್ತು ಕಿಲೋ ತೂಗುವವರಿಗೆ ಮೂರು ಕಿಲೋ. ತುಂಬಿದ ಬಿಂದಿಗೆಯನ್ನು ಸೊಂಟಕ್ಕೆ ಒತ್ತಿ ಹಿಡಿದರೆ ಹಗುರ, ತೋಳು ಚಾಚಿ ಹಿಡಿದರೆ ಭಾರ. ಇದು ಪ್ರತಿ ಗೃಹಿಣಿಗೂ ತಿಳಿದ ವಿಷಯ. ತಲೆಯೂ ಹಾಗೆಯೇ. ಅದು ಬೆನ್ನುಮೂಳೆಯ ನೇರಕ್ಕೆ ಕುಳಿತಿದ್ದರೆ ಮೂಳೆಗಳೇ ಹೊರುತ್ತವೆ. ಮುಂದಕ್ಕೆ ಬಾಗಿದಷ್ಟೂ ಹಿಂಬದಿಯ ಪೇಶಿಗಳು ಹಗ್ಗದಂತೆ ಎಳೆದು ಹಿಡಿಯಬೇಕಾಗುತ್ತದೆ. ಆ ತಾಯಿಯ ಅಂಗೈ ಮೇಲಿದ್ದ ಲಿಂಗದ ತೂಕ ಅತ್ಯಲ್ಪ. ಅವರಿಗೆ ಹೊರಲಾಗದಿದ್ದುದು ತಮ್ಮ ತೋಳನ್ನೇ.

ಮನೆಯಿಂದ ಮಾಯವಾದ ಕೆಲಸ

ಈ ಪೇಶಿಗಳು ಬಲಗೊಳ್ಳುವುದು ಮುಖ್ಯವಾಗಿ ಒಂದು ಬಗೆಯ ಚಲನೆಯಿಂದ: ತನ್ನ ಕಡೆಗೆ ಎಳೆದುಕೊಳ್ಳುವುದು. ನಮ್ಮ ಬಾಲ್ಯದ ಮನೆಗಳನ್ನು ನೆನಪಿಸಿಕೊಳ್ಳಿ. ಬಾವಿಯಿಂದ ನೀರು ಸೇದುವುದು, ಕಂಬಕ್ಕೆ ಕಟ್ಟಿದ ಕಡಗೋಲಿನ ಹಗ್ಗವನ್ನು ಎಡ ಬಲ ಎಳೆಯುತ್ತ ಮಜ್ಜಿಗೆ ಕಡೆಯುವುದು, ಬೀಸುವ ಕಲ್ಲನ್ನು ತಿರುಗಿಸುವುದು, ಸೌದೆಯ ಹೊರೆ ಹೊರುವುದು. ಇವೆಲ್ಲವೂ ಮೇಲ್ಬೆನ್ನಿನ ಕೆಲಸಗಳೇ. ಅಂದಿನ ಹೆಣ್ಣುಮಕ್ಕಳು ಪಟ್ಟ ಪಾಡನ್ನು ನಾವು ಹೊಗಳುತ್ತಿಲ್ಲ. ಆ ಹೊರೆ ಇಳಿದದ್ದು ಒಳ್ಳೆಯದೇ ಆಯಿತು. ಆದರೆ ಹೊರೆ ಇಳಿದಾಗ ಅದರೊಡನೆ ಎಳೆಯುವ ಚಲನೆಯೂ ಮನೆಯಿಂದ ಮಾಯವಾಯಿತು ಎಂಬುದನ್ನು ನಾವು ಗಮನಿಸಲಿಲ್ಲ. ಇಂದು ಜೆ.ಪಿ. ನಗರದ ಅಥವಾ ಬನಶಂಕರಿಯ ಮನೆಯೊಂದರಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಯಾರಾದರೂ ಯಾವುದನ್ನಾದರೂ ಬಲವಾಗಿ ಎಳೆಯುವ ಪ್ರಸಂಗವೇ ಇಲ್ಲ. ನಲ್ಲಿ ತಿರುಗಿಸಿದರೆ ನೀರು, ಗುಂಡಿ ಒತ್ತಿದರೆ ಹಿಟ್ಟು.

ಎಳೆಯುವ ಕೆಲಸ ಹೋದ ಜಾಗಕ್ಕೆ ಬಾಗುವ ಕೆಲಸ ಬಂದಿತು. ಕಚೇರಿಯಲ್ಲಿ ಗಣಕಯಂತ್ರ, ಬಸ್ಸಿನಲ್ಲಿ ಮೊಬೈಲು, ಮನೆಯಲ್ಲಿ ಹಾಸಿಗೆಯ ಮೇಲೆ ಲ್ಯಾಪ್‌ಟಾಪು. ಸುಶ್ರುತರು ಮನ್ಯಾಸ್ತಂಭಕ್ಕೆ, ಅಂದರೆ ಕತ್ತು ಸೆಟೆದುಕೊಳ್ಳುವುದಕ್ಕೆ, ಹಗಲು ನಿದ್ರೆ, ವಕ್ರವಾಗಿ ಕೂರುವುದು ಮತ್ತು ನಿಲ್ಲುವುದರ ಜೊತೆಗೆ ಮೇಲಕ್ಕೆ ನೋಡುತ್ತಿರುವುದನ್ನೂ ಕಾರಣವೆಂದು ಹೇಳಿದ್ದಾರೆ. ಅವರ ಕಾಲದಲ್ಲಿ ಕತ್ತಿಗೆ ಶ್ರಮವಾಗುತ್ತಿದ್ದುದು ಮೇಲೆ ನೋಡುವುದರಿಂದ. ನಮ್ಮ ಕಾಲದಲ್ಲಿ ಕೆಳಗೆ ನೋಡುವುದರಿಂದ. ಕಾರಣ ತಲೆಕೆಳಗಾಗಿದೆ, ರೋಗ ಹಾಗೆಯೇ ಇದೆ.

ನಮ್ಮದೇ ತಪ್ಪು

ಈಗ ನಾವು ಒಪ್ಪಿಕೊಳ್ಳಬೇಕಾದ ಮಾತು. ವೃತ್ತಿಯ ಮೊದಲ ಇಪ್ಪತ್ತೈದು ವರ್ಷ ಇಂತಹ ರೋಗಿಗಳಿಗೆ ನಾವು ಕೊಡುತ್ತಿದ್ದ ಸಲಹೆ ಒಂದೇ ತೆರನಾಗಿತ್ತು: ಮಹಾನಾರಾಯಣ ತೈಲದ ಅಭ್ಯಂಗ, ಬಿಸಿನೀರಿನ ಶಾಖ, ಅಗತ್ಯವಿದ್ದರೆ ಗ್ರೀವಾ ಬಸ್ತಿ, ಮತ್ತು ವಿಶ್ರಾಂತಿ. "ಭಾರ ಎತ್ತಬೇಡಿ" ಎಂಬುದನ್ನು ಚೀಟಿಯಲ್ಲಿ ಬರೆದು ಅಡಿಗೆರೆ ಎಳೆಯುತ್ತಿದ್ದೆವು. ರೋಗಿಗಳು ಹತ್ತು ದಿನದಲ್ಲಿ ನಗುನಗುತ್ತ ಹಿಂದಿರುಗುತ್ತಿದ್ದರು. ಮೂರು ತಿಂಗಳಲ್ಲಿ ಅದೇ ನೋವಿನೊಂದಿಗೆ ಮತ್ತೆ ಬರುತ್ತಿದ್ದರು. ಅವರು ಮತ್ತೆ ಬಂದುದನ್ನು ನಮ್ಮ ಮೇಲಿನ ವಿಶ್ವಾಸವೆಂದು ತಿಳಿದು ಸಂತೋಷಪಟ್ಟ ದಿನಗಳೂ ಇದ್ದವು. ಅದು ನಮ್ಮ ಚಿಕಿತ್ಸೆಯ ಅರೆಕೊರೆಯೆಂದು ಅರಿವಾಗಲು ಬಹಳ ಕಾಲ ಹಿಡಿಯಿತು.

ಅರಿವಾದದ್ದು ಹೊಸ ಗ್ರಂಥದಿಂದಲ್ಲ. ಬಿ.ಎ.ಎಂ.ಎಸ್. ಓದುವಾಗ ಬಾಯಿಪಾಠ ಮಾಡಿದ್ದ ವಾಗ್ಭಟರ ಅಷ್ಟಾಂಗಹೃದಯದ ದಿನಚರ್ಯೆಯ ಅಧ್ಯಾಯವನ್ನು ಐವತ್ತರ ವಯಸ್ಸಿನಲ್ಲಿ ಮತ್ತೊಮ್ಮೆ ಓದಿದಾಗ. ಅಲ್ಲಿಯ ಅನುಕ್ರಮವನ್ನು ನೋಡಿ: ಮೊದಲು ಅಭ್ಯಂಗ, ಅದರ ಬೆನ್ನಿಗೇ ವ್ಯಾಯಾಮ, ನಂತರ ಉದ್ವರ್ತನ, ಆಮೇಲೆ ಸ್ನಾನ. ಎಣ್ಣೆ ಹಚ್ಚುವುದು ಅಲ್ಲಿ ಕೊನೆಯಲ್ಲ. ವ್ಯಾಯಾಮಕ್ಕೆ ಶರೀರವನ್ನು ಸಿದ್ಧಗೊಳಿಸುವ ಹೆಜ್ಜೆ. ನಾವು ಮೊದಲ ಹೆಜ್ಜೆಯನ್ನಿಟ್ಟು, ಎರಡನೆಯದನ್ನು ಬಿಟ್ಟು, ನೇರವಾಗಿ ಬಚ್ಚಲಿಗೆ ಹೋಗುತ್ತಿದ್ದೇವೆ! ಚರಕರು ವ್ಯಾಯಾಮದ ಲಕ್ಷಣವನ್ನು ಹೇಳುವಾಗಲೂ ದೇಹಕ್ಕೆ ಸ್ಥಿರತೆಯನ್ನು ತಂದು ಬಲವನ್ನು ಹೆಚ್ಚಿಸುವ ಚೇಷ್ಟೆಯೇ ವ್ಯಾಯಾಮ ಎಂಬ ಅಭಿಪ್ರಾಯವನ್ನೇ ಕೊಡುತ್ತಾರೆ. ಬೆವರು ಬರುವುದಷ್ಟೇ ಗುರಿಯಲ್ಲ. ಸ್ಥೈರ್ಯ ಮತ್ತು ಬಲ ಗುರಿ.

"ವೃದ್ಧರು ವ್ಯಾಯಾಮವನ್ನು ಬಿಡಬೇಕೆಂದು ವಾಗ್ಭಟರೇ ಹೇಳಿಲ್ಲವೆ?" ಎಂದು ಶಾಸ್ತ್ರ ಬಲ್ಲ ಭಕ್ತರು ಕೇಳಬಹುದು. ಹೌದು, ವಾತಪಿತ್ತ ರೋಗಿಗಳು, ಬಾಲಕರು, ವೃದ್ಧರು, ಅಜೀರ್ಣವುಳ್ಳವರು ಅದನ್ನು ವರ್ಜಿಸಬೇಕೆಂದಿದ್ದಾರೆ. ನಮ್ಮ ತಿಳಿವಳಿಕೆಯಂತೆ ಆ ನಿಷೇಧವು ಮಲ್ಲಯುದ್ಧದಂತಹ ಉಗ್ರ ಶ್ರಮವನ್ನು ಕುರಿತದ್ದು. ಅಂದಿನ ವೃದ್ಧರು ಕುರ್ಚಿಯಲ್ಲಿ ಕುಳಿತೇ ದಿನ ಕಳೆದವರಲ್ಲ. ಅವರ ದಿನಚರಿಯಲ್ಲಿಯೇ ಎತ್ತುವ ಎಳೆಯುವ ಕೆಲಸಗಳಿದ್ದವು. ಏನೂ ಎತ್ತದ, ಏನೂ ಎಳೆಯದ ಇಂದಿನ ಹಿರಿಯರಿಗೆ ಆ ವಾಕ್ಯವನ್ನು ಅಕ್ಷರಶಃ ಅನ್ವಯಿಸಿದರೆ ಅವರ ಪೇಶಿಗಳನ್ನು ಸೊರಗಲು ಬಿಟ್ಟಂತೆ. ಅಮೆರಿಕದ ಬಾಸ್ಟನ್ನಿನಲ್ಲಿ ವೃದ್ಧಾಶ್ರಮವಾಸಿಗಳಾದ, ಸರಾಸರಿ ತೊಂಬತ್ತು ವಯಸ್ಸಿನ ಹತ್ತು ಮಂದಿಗೆ ವೈದ್ಯರ ಕಣ್ಗಾವಲಿನಲ್ಲಿ ಎಂಟು ವಾರ ಕಾಲುಗಳ ಬಲದ ವ್ಯಾಯಾಮ ಮಾಡಿಸಿ, ೧೯೯೦ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು. ಪೂರ್ಣಗೊಳಿಸಿದವರ ಕಾಲಿನ ಬಲ ಮೊದಲಿದ್ದುದಕ್ಕಿಂತ ಎರಡು ಪಟ್ಟನ್ನೂ ಮೀರಿತ್ತು. ತೊಂಬತ್ತರಲ್ಲಿಯೂ ಪೇಶಿ ಕಲಿಯುತ್ತದೆ ಎಂದಾದರೆ ಎಪ್ಪತ್ತೊಂದು ಯಾವ ಲೆಕ್ಕ?

ನಡಿಗೆ ಸಾಲದೆ?

"ದಿನವೂ ನಡೆಯುತ್ತೇವಲ್ಲ" ಎಂಬುದು ಎರಡನೆಯ ಆಕ್ಷೇಪ. ಲಕ್ಷ್ಮಣರಾವ್ ಉದ್ಯಾನದಲ್ಲಿ, ಜೆ.ಪಿ. ನಗರದ ಮಿನಿ ಫಾರೆಸ್ಟಿನಲ್ಲಿ ಬೆಳಿಗ್ಗೆ ನಡೆಯುವ ಹಿರಿಯರನ್ನು ಕಂಡಾಗ ನಮಗೆ ಸಂತೋಷವೇ. ನಡಿಗೆ ಹೃದಯಕ್ಕೆ ಹಿತ, ಸಕ್ಕರೆ ಕಾಯಿಲೆಗೆ ಹಿತ, ಮನಸ್ಸಿಗೆ ಹಿತ. ಆದರೆ ಮೇಲ್ಬೆನ್ನು ನಡಿಗೆಯಲ್ಲಿ ಕೇವಲ ಪ್ರಯಾಣಿಕ.

ಡೆನ್ಮಾರ್ಕಿನ ಸಂಶೋಧಕರು ಟ್ರಪೀಜಿಯಸ್ ಪೇಶಿಯ ದೀರ್ಘಕಾಲದ ನೋವಿದ್ದ ಉದ್ಯೋಗಸ್ಥ ಮಹಿಳೆಯರಲ್ಲಿ ಇದನ್ನು ಪರೀಕ್ಷಿಸಿ ೨೦೦೮ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಕತ್ತು ಮತ್ತು ಹೆಗಲಿನ ಬಲದ ವ್ಯಾಯಾಮ, ಇನ್ನೊಂದಕ್ಕೆ ನಿಂತ ಸೈಕಲ್ಲಿನಲ್ಲಿ ಕಾಲಿನ ವ್ಯಾಯಾಮ. ಎರಡೂ ವಾರಕ್ಕೆ ಮೂರು ಬಾರಿ, ಇಪ್ಪತ್ತು ನಿಮಿಷ, ಹತ್ತು ವಾರ. ಸೈಕಲ್ಲಿನವರಿಗೆ ಸಿಕ್ಕಿದ್ದು ಅಲ್ಪಕಾಲದ ಸಣ್ಣ ಉಪಶಮನ. ಬಲದ ವ್ಯಾಯಾಮ ಮಾಡಿದವರ ನೋವು ಬಹಳ ಮಟ್ಟಿಗೆ ತಗ್ಗಿತು, ಮತ್ತು ವ್ಯಾಯಾಮದ ಅವಧಿ ಮುಗಿದ ಮೇಲೂ ಆ ಲಾಭ ಉಳಿಯಿತು. ಅದೇ ದೇಶದಲ್ಲಿ ೨೦೧೧ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ೧೯೮ ಕಚೇರಿ ನೌಕರರಲ್ಲಿ ಕೆಲವರಿಗೆ ದಿನಕ್ಕೆ ಎರಡು ನಿಮಿಷ, ಕೆಲವರಿಗೆ ಹನ್ನೆರಡು ನಿಮಿಷ ರಬ್ಬರ್ ಪಟ್ಟಿಯ ವ್ಯಾಯಾಮ ಮಾಡಿಸಿದರು. ವ್ಯಾಯಾಮವಿಲ್ಲದವರಿಗೆ ಹೋಲಿಸಿದರೆ ಎರಡೂ ಗುಂಪುಗಳ ನೋವು ಕಡಿಮೆಯಾಯಿತು. ಸಮಯವಿಲ್ಲವೆನ್ನುವ ನಮ್ಮ ತರುಣರು ಆ "ಎರಡು ನಿಮಿಷ" ಎಂಬುದನ್ನು ಗಮನಿಸಬೇಕು.

ಇದು ಹೊರಗಿನಿಂದ ಬಂದ ವಿದ್ಯೆಯೆಂದು ತಿಳಿಯಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಮಲ್ಲರ ವ್ಯಾಯಾಮಗಳ ವಿವರವಿದೆ. ಭಾರ ಎತ್ತುವ ಶ್ರಮ, ನಡೆದಾಡುವ ಶ್ರಮ, ನೀರಿನಲ್ಲಿ ಈಜುವ ಶ್ರಮ, ಕಂಬದ ಮೇಲಿನ ಶ್ರಮ ಎಂದು ಅವುಗಳನ್ನು ವಿಂಗಡಿಸಲಾಗಿದೆ. ಭಾರದ ಶ್ರಮ ಬೇರೆ, ನಡಿಗೆಯ ಶ್ರಮ ಬೇರೆ ಎಂಬ ವಿವೇಕ ಕಲ್ಯಾಣಕ್ಕೆ ಇತ್ತು. ನಮ್ಮ ಗರಡಿ ಮನೆಗಳಲ್ಲಿ ಗದೆ ತಿರುಗಿಸುವುದು, ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವುದು ಇವೆಲ್ಲ ಇಂದಿಗೂ ಉಳಿದಿರುವ ಅದೇ ವಿದ್ಯೆಯ ಕುರುಹುಗಳು. ನಮ್ಮ ಬೆಂಗಳೂರಿನಲ್ಲಿಯೇ ಪುರಭವನದ ಸಮೀಪ ಜೆ.ಸಿ. ರಸ್ತೆಯಲ್ಲಿ ಕೆ.ವಿ. ಅಯ್ಯರ್ ಅವರು ವ್ಯಾಯಾಮಶಾಲೆಯನ್ನು ನಡೆಸಿದರು. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕರ್ತೃವೆಂದು ಕನ್ನಡಿಗರು ಬಲ್ಲ ಅವರೇ ಸೂರ್ಯನಮಸ್ಕಾರವನ್ನು ಕುರಿತೂ ಪುಸ್ತಕ ಬರೆದರು, ಭಾರದ ವ್ಯಾಯಾಮವನ್ನೂ ಕಲಿಸಿದರು. ಆಸನವೋ ಭಾರವೋ ಎಂಬ ಜಗಳ ಅವರಿಗಿರಲಿಲ್ಲ, ನಮಗೂ ಬೇಡ.

ಜಿಮ್ಮಿಗೆ ಹೋಗುವ ತರುಣರಿಗೂ ಒಂದು ಮಾತು. ಕನ್ನಡಿಯಲ್ಲಿ ಕಾಣುವ ಎದೆ ಮತ್ತು ರಟ್ಟೆಗಳನ್ನು ಬೆಳೆಸಿ, ಕಾಣದ ಬೆನ್ನನ್ನು ಮರೆಯುವವರು ಬಹಳ. ಬೆನ್ನಿನಲ್ಲಿಯೂ ಕತ್ತಿನ ಬದಿಯ ಉಬ್ಬನ್ನು ಮಾತ್ರ ಬೆಳೆಸಿ ನಡುಭಾಗ ಮತ್ತು ಕೆಳಭಾಗಗಳನ್ನು ಬಿಟ್ಟರೆ ಹೆಗಲು ಕಿವಿಯ ಕಡೆಗೆ ಏರಿ ನಿಲ್ಲುತ್ತದೆ, ನೋವು ಇಮ್ಮಡಿಸುತ್ತದೆ. ಎದೆಯಿಂದ ಒಂದು ಬಾರಿ ತಳ್ಳಿದರೆ ಬೆನ್ನಿನಿಂದ ಒಂದು ಬಾರಿಯಾದರೂ ಎಳೆಯಬೇಕು ಎಂಬುದನ್ನು ನಿಯಮವಾಗಿಟ್ಟುಕೊಳ್ಳಿ.

ಮಾಡುವ ಕ್ರಮ

ಮನೆಯಲ್ಲಿಯೇ ಮಾಡಬಹುದಾದ ಐದು ವ್ಯಾಯಾಮಗಳನ್ನು ಇಲ್ಲಿ ಕೊಡುತ್ತಿದ್ದೇವೆ. ಬೇಕಾದುದು ಒಂದು ಗಟ್ಟಿ ಕುರ್ಚಿ, ಒಂದು ವ್ಯಾಯಾಮದ ರಬ್ಬರ್ ಪಟ್ಟಿ, ಎರಡು ಕೈಚೀಲಗಳು ಮತ್ತು ಕೆಲವು ನೀರಿನ ಬಾಟಲಿಗಳು. ಒಂದು ಲೀಟರ್ ನೀರು ಒಂದು ಕಿಲೋ ತೂಗುವುದರಿಂದ ಭಾರದ ಲೆಕ್ಕ ಸುಲಭ.

ಒಂದು: ಹೆಗಲ ಹಲಗೆಗಳನ್ನು ಕೂಡಿಸುವುದು. ಕುರ್ಚಿಯಲ್ಲಿ ಬೆನ್ನು ನೇರವಾಗಿಟ್ಟು ಕುಳಿತು, ತೋಳುಗಳನ್ನು ಸಡಿಲವಾಗಿ ಇಳಿಬಿಟ್ಟು, ಎರಡೂ ಹೆಗಲ ಹಲಗೆಗಳನ್ನು ಹಿಂದಕ್ಕೂ ತುಸು ಕೆಳಕ್ಕೂ ಸೆಳೆದು ಒಂದನ್ನೊಂದು ಸಮೀಪಿಸುವಂತೆ ಮಾಡಿ. ಐದು ಎಣಿಸುವವರೆಗೆ ಹಿಡಿದು ಬಿಡಿ. ಹೀಗೆ ಹತ್ತು ಬಾರಿ. ಹೆಗಲು ಕಿವಿಯ ಕಡೆಗೆ ಏರಬಾರದು.

ಎರಡು: ಗೋಡೆಯ ಆಸರೆ. ಗೋಡೆಗೆ ಬೆನ್ನು ತಾಗಿಸಿ, ಹಿಮ್ಮಡಿಗಳನ್ನು ಗೋಡೆಯಿಂದ ಒಂದು ಗೇಣು ಮುಂದಿಟ್ಟು ನಿಲ್ಲಿ. ಮೊಣಕೈಗಳನ್ನು ಮಡಿಸಿ, ಹಸ್ತಗಳು ಮೇಲ್ಮುಖವಾಗಿರುವಂತೆ ತೋಳುಗಳನ್ನು ಗೋಡೆಗೆ ಒರಗಿಸಿ. ಅವುಗಳನ್ನು ಗೋಡೆಯ ಮೇಲೆ ಜಾರಿಸುತ್ತ ನಿಧಾನವಾಗಿ ಮೇಲಕ್ಕೆತ್ತಿ ಇಳಿಸಿ. ಎಂಟರಿಂದ ಹತ್ತು ಬಾರಿ. ತೋಳು ಗೋಡೆಗೆ ತಾಗದಿದ್ದರೆ ಬಲವಂತ ಬೇಡ. ವಾರಗಳು ಕಳೆದಂತೆ ಹತ್ತಿರವಾಗುತ್ತದೆ. ಇದು ಕೆಳಭಾಗದ ಪೇಶಿಗೆ ವಿಶೇಷವಾಗಿ ಹಿತ.

ಮೂರು: ಎಳೆಯುವುದು. ಐದರಲ್ಲಿ ಒಂದನ್ನೇ ಮಾಡುವುದಾದರೆ ಇದನ್ನೇ ಮಾಡಿ. ಕಿಟಕಿಯ ಭದ್ರವಾದ ಸರಳಿಗೆ ಎದೆಯ ಮಟ್ಟದಲ್ಲಿ ರಬ್ಬರ್ ಪಟ್ಟಿಯನ್ನು ಸುತ್ತಿ, ಎದುರಿಗೆ ಕುಳಿತು, ಎರಡೂ ತುದಿಗಳನ್ನು ಹಿಡಿದು ಮೊಣಕೈಗಳು ಪಕ್ಕೆಯನ್ನು ಸವರಿ ಹಿಂದೆ ಹೋಗುವಂತೆ ಎಳೆಯಿರಿ. ಎರಡು ಎಣಿಸುವವರೆಗೆ ಹಿಡಿದು, ಮೂರು ಎಣಿಸುತ್ತ ನಿಧಾನವಾಗಿ ಬಿಡಿ. ಹತ್ತರಿಂದ ಹನ್ನೆರಡು ಬಾರಿ. ಪಟ್ಟಿ ಇಲ್ಲದವರು ಎಡಗೈಯನ್ನು ಕುರ್ಚಿಯ ಮೇಲೆ ಊರಿ, ಬೆನ್ನನ್ನು ನೇರವಾಗಿಟ್ಟು ಸೊಂಟದಲ್ಲಿ ಬಾಗಿ, ಎರಡು ಲೀಟರ್ ನೀರಿನ ಬಾಟಲಿಗಳಿರುವ ಚೀಲವನ್ನು ಬಲಗೈಯಿಂದ ಪಕ್ಕೆಯವರೆಗೆ ಎಳೆದು ಇಳಿಸಬಹುದು. ನಂತರ ಕೈ ಬದಲಿಸಿ. ಬಾವಿಯಿಂದ ನೀರು ಸೇದಿದ ನೆನಪಿದ್ದವರಿಗೆ ಇದನ್ನು ಕಲಿಸಬೇಕಾಗಿಯೇ ಇಲ್ಲ.

ನಾಲ್ಕು: ತೋಳುಗಳನ್ನು ಬದಿಗೆ ಎತ್ತುವುದು. ಅರ್ಧ ಲೀಟರಿನ ಬಾಟಲಿಯೊಂದನ್ನು ಪ್ರತಿ ಕೈಯಲ್ಲಿ ಹಿಡಿದು ನಿಂತು, ತೋಳುಗಳನ್ನು ಬದಿಗೆ, ತುಸು ಮುಂದಾಗಿ, ಹೆಗಲಿನ ಮಟ್ಟದವರೆಗೆ ಎತ್ತಿ ಇಳಿಸಿ. ಅದಕ್ಕಿಂತ ಮೇಲೆ ಬೇಡ. ಹತ್ತು ಬಾರಿ. ಕಚೇರಿಯ ತರುಣರು ಪಟ್ಟಿಯ ನಡುಭಾಗವನ್ನು ಕಾಲಡಿಯಲ್ಲಿಟ್ಟು ದಿನಕ್ಕೆ ಎರಡು ನಿಮಿಷ ಇದನ್ನೇ ಮಾಡಬಹುದು.

ಐದು: ಹೊತ್ತು ನಡೆಯುವುದು. ಎರಡೂ ಕೈಗಳಲ್ಲಿ ಸಮತೂಕದ ಚೀಲಗಳನ್ನು, ಮೊದಲಿಗೆ ತಲಾ ಎರಡು ಕಿಲೋ, ಹಿಡಿದು, ಎದೆಯನ್ನು ಅರಳಿಸಿ, ದೃಷ್ಟಿಯನ್ನು ಮುಂದಿಟ್ಟು ಮೂವತ್ತು ಹೆಜ್ಜೆ ನಡೆಯಿರಿ. ಹೆಗಲು ಜೋತುಬೀಳಬಾರದು. ತರಕಾರಿ ತರುವಾಗ ಎಲ್ಲವನ್ನೂ ಒಂದೇ ಕೈಗೆ ತುಂಬಿಕೊಳ್ಳದೆ ಎರಡಕ್ಕೂ ಸಮವಾಗಿ ಹಂಚಿಕೊಂಡರೆ ಪೇಟೆಯ ದಾರಿಯೇ ವ್ಯಾಯಾಮದ ದಾರಿಯಾಗುತ್ತದೆ.

ದಿನ ಬಿಟ್ಟು ದಿನ, ವಾರಕ್ಕೆ ಮೂರು ಬಾರಿ ಮಾಡಿರಿ. ಮೊದಲ ಎರಡು ವಾರ ಒಂದೊಂದು ಸುತ್ತು, ನಂತರ ಎರಡೆರಡು. ಬರಿಹೊಟ್ಟೆಯಲ್ಲಿ ಅಥವಾ ಲಘು ಆಹಾರವಾಗಿ ಎರಡು ಗಂಟೆಯ ನಂತರ ಮಾಡುವುದು ಒಳ್ಳೆಯದು. ಎಳೆಯುವಾಗ ಮತ್ತು ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ತೆಗೆದುಕೊಳ್ಳಿ. ಉಸಿರು ಕಟ್ಟಿ ಎಂದಿಗೂ ಎತ್ತಬೇಡಿ. ರಕ್ತದೊತ್ತಡವಿದ್ದವರಿಗೆ ಇದು ಬಹು ಮುಖ್ಯ.

ಎಷ್ಟು ಮಾಡಬೇಕು? ಶಾಸ್ತ್ರದ ಉತ್ತರ: ಅರ್ಧಶಕ್ತಿ. ಹಣೆ, ಮೂಗು, ಕಂಕುಳುಗಳಲ್ಲಿ ಬೆವರು ಮೂಡಿ, ಬಾಯಿ ಒಣಗಲು ತೊಡಗಿದರೆ ಅರ್ಧಶಕ್ತಿ ವ್ಯಯವಾಯಿತೆಂದು ತಿಳಿದು ನಿಲ್ಲಿಸಬೇಕು. ಆದರೆ ಅರ್ಧಶಕ್ತಿಯೆಂಬುದು ನಿಂತ ನೀರಲ್ಲ. ಇಂದು ನಿಮ್ಮ ಶಕ್ತಿ ನಾಲ್ಕು ಕಿಲೋ ಆಗಿದ್ದರೆ ಅದರ ಅರ್ಧ ಎರಡು. ಮೂರು ತಿಂಗಳಲ್ಲಿ ಶಕ್ತಿ ಆರಾದರೆ ಅರ್ಧ ಮೂರಾಗುತ್ತದೆ. ಎರಡೂ ಸುತ್ತುಗಳಲ್ಲಿ ಹನ್ನೆರಡು ಬಾರಿ ಸಲೀಸಾಗಿ ಮಾಡಲು ಸಾಧ್ಯವಾದರೆ ಅರ್ಧ ಕಿಲೋ ಹೆಚ್ಚಿಸಿ. ಹೆಚ್ಚಿಸದಿದ್ದರೆ ಬಲ ಬೆಳೆಯದು. ಒಮ್ಮೆಗೇ ಹೆಚ್ಚಿಸಿದರೆ ಪೇಶಿ ಸಹಿಸದು. ಮರುದಿನ ಪೇಶಿಯಲ್ಲಿ ಮೈಕೈ ನೋವಿನಂತಹ ಮಂದ ನೋವು ಬಂದರೆ ಹೆದರಬೇಡಿ, ಎರಡು ದಿನದಲ್ಲಿ ಹೋಗುತ್ತದೆ. ಚುಚ್ಚುವ ನೋವು, ಜುಮುಜುಮು ಬಂದರೆ ನಿಲ್ಲಿಸಿ.

ಎಚ್ಚರಿಕೆ

ಎಲ್ಲ ಕತ್ತು ನೋವೂ ಬಲಹೀನತೆಯದಲ್ಲ. ಕೈ ಜೋಮುಗಟ್ಟುವುದು, ಹಿಡಿತ ಸಡಿಲವಾಗಿ ಲೋಟ ಜಾರುವುದು, ನಡೆಯುವಾಗ ಕಾಲು ತಡವರಿಸುವುದು, ಮಲಮೂತ್ರಗಳ ಹತೋಟಿ ತಪ್ಪುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಬಿದ್ದ ನಂತರ ಆರಂಭವಾದ ನೋವು ಇವುಗಳಲ್ಲಿ ಯಾವುದಿದ್ದರೂ ವ್ಯಾಯಾಮಕ್ಕೆ ಮೊದಲು ವೈದ್ಯರ ಪರೀಕ್ಷೆಯಾಗಬೇಕು. ಎದೆಯ ಬಿಗಿತ, ಬೆವರು, ಏದುಸಿರಿನೊಡನೆ ಹೆಗಲಿಗೋ ಎಡತೋಳಿಗೋ ಹರಡುವ ನೋವು ಹೃದಯದ್ದಾಗಿರಬಹುದು. ಆಗ ಎಣ್ಣೆಯನ್ನೂ ಹುಡುಕಬೇಡಿ, ಈ ಲೇಖನವನ್ನೂ ಹುಡುಕಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಮೂಳೆ ಸವೆತವಿರುವವರು, ಹೃದ್ರೋಗಿಗಳು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು ತಮ್ಮ ವೈದ್ಯರನ್ನು ಕೇಳಿಯೇ ಆರಂಭಿಸಬೇಕು.

ಆಹಾರದ ಬಗ್ಗೆಯೂ ಎರಡು ಮಾತು. ಪೇಶಿ ಕಟ್ಟಲು ದುಡಿಮೆಯ ಜೊತೆಗೆ ಸಾಮಗ್ರಿಯೂ ಬೇಕು. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ೦.೮೩ ಗ್ರಾಂ ಪ್ರೋಟೀನು ಬೇಕೆಂದು ೨೦೨೦ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಿಳಿಸಿದೆ. ಅರವತ್ತು ಕಿಲೋ ತೂಕದವರಿಗೆ ಸುಮಾರು ಐವತ್ತು ಗ್ರಾಂ. ರಾತ್ರಿ ಎರಡು ಬಾಳೆಹಣ್ಣು ತಿಂದು ಮಲಗುವ ನಮ್ಮ ಹಿರಿಯರಿಗೆ ಇದು ದಕ್ಕುವುದಿಲ್ಲ. ನೂರು ಗ್ರಾಂ ಹುರುಳಿಕಾಳಿನಲ್ಲಿ ಇಪ್ಪತ್ತು ಗ್ರಾಮಿಗೂ ಮೀರಿ ಪ್ರೋಟೀನಿದೆ. ಮುದ್ದೆಯ ಜೊತೆಗೆ ಹುರುಳಿ ಸಾರು, ರೊಟ್ಟಿಯ ಜೊತೆಗೆ ಕಾಳುಪಲ್ಯ, ಒಂದು ಬಟ್ಟಲು ಗಟ್ಟಿ ಮೊಸರು. ಸಸ್ಯಾಹಾರಿಗಳಾದ ನಮಗೆ ದಾರಿ ಇದೆ. ಮೂತ್ರಪಿಂಡದ ತೊಂದರೆಯಿದ್ದವರು ಮಾತ್ರ ವೈದ್ಯರ ಅಳತೆಯನ್ನೇ ಪಾಲಿಸಬೇಕು.

ಒಂದು ವಿನಂತಿ

ಆ ತಾಯಿಯವರ ವಿಷಯಕ್ಕೆ ಬರೋಣ. ನಾವು ಅವರಿಗೆ ಎಣ್ಣೆಯನ್ನು ಕೊಟ್ಟೆವು. ಜೊತೆಗೆ ಎಣ್ಣೆ ಹಚ್ಚಿದ ಹತ್ತು ನಿಮಿಷದ ನಂತರ ಮಾಡಬೇಕಾದ ವ್ಯಾಯಾಮವನ್ನೂ ಕೊಟ್ಟೆವು. "ಈ ವಯಸ್ಸಿನಲ್ಲಿ ಭಾರ ಎತ್ತಬೇಕೆ?" ಎಂದು ಅವರು ನಕ್ಕರು. ಆದರೂ ಶಿಕ್ಷಕಿಯಲ್ಲವೆ, ಹೇಳಿದ್ದನ್ನು ವಹಿಯಲ್ಲಿ ಗುರುತು ಹಾಕಿಕೊಂಡು ತಪ್ಪದೆ ಮಾಡಿದರು. ಒಂದು ತಿಂಗಳವರೆಗೆ ಹೇಳಿಕೊಳ್ಳುವಂತಹ ಬದಲಾವಣೆ ಕಾಣಲಿಲ್ಲ. ಮೂರನೆಯ ತಿಂಗಳ ಕೊನೆಗೆ ಬಂದಾಗ ಅವರು ಎಳೆಯುತ್ತಿದ್ದುದು ಮೂರೂವರೆ ಕಿಲೋ. ನೋವು ಪೂರ್ತಿ ಹೋಗಿಲ್ಲ, ಮೋಡ ಕವಿದ ಚಳಿಯ ಬೆಳಿಗ್ಗೆ ಇಣುಕುತ್ತದೆ ಎಂದರು. ಆದರೆ ಪೂಜೆಯಲ್ಲಿ ಕೈ ಕಾಲು ಗಂಟೆಯವರೆಗೆ ಇಳಿಯುವುದಿಲ್ಲ. "ಈಗ ನಾನು ತಲೆ ಬಗ್ಗಿಸುವುದಿಲ್ಲ ಡಾಕ್ಟ್ರೇ, ಲಿಂಗವೇ ಕಣ್ಣಿನ ಮಟ್ಟಕ್ಕೆ ಬರುತ್ತದೆ" ಎಂದರು. ಮೊಮ್ಮಗನೂ ಪಟ್ಟಿ ಕೊಂಡಿದ್ದಾನಂತೆ. ವಾರದಲ್ಲಿ ಮೂರು ದಿನ ಮಾಡುತ್ತಾನೆ, ನಾಲ್ಕು ದಿನ ಮರೆಯುತ್ತಾನೆ. ಮೂರು ದಿನವೇ ಸಾಕು ಎಂದು ಹೇಳಿ ಕಳುಹಿಸಿದೆವು.

ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೇ. ಮನೆಯಲ್ಲಿ ಎಣ್ಣೆಯ ಸೀಸೆ ಇರುವ ಕಪಾಟಿನಲ್ಲಿಯೇ ಒಂದು ರಬ್ಬರ್ ಪಟ್ಟಿಯೂ ಇರಲಿ. ಬಡಾವಣೆಗಳಲ್ಲಿ ವಾರಕ್ಕೊಮ್ಮೆ ಪ್ರಾರ್ಥನೆಗೆ ಸೇರುವ ಭಕ್ತಮಂಡಳಿಗಳು ಪ್ರಾರ್ಥನೆ ಮುಗಿದ ಮೇಲೆ 'ಎಳೆಯುವ' ವ್ಯಾಯಾಮವನ್ನು ಹತ್ತು ನಿಮಿಷ ಒಟ್ಟಿಗೆ ಮಾಡಲಿ. ಒಬ್ಬರೇ ಮಾಡಿದರೆ ಮರೆಯುವವರು ನಾಲ್ವರ ಜೊತೆಗೆ ಮರೆಯುವುದಿಲ್ಲ. ದಾಸೋಹದಲ್ಲಿ ದೊಡ್ಡ ಪಾತ್ರೆಗಳನ್ನು ಎತ್ತುವ ಸೇವೆ ಮಾಡುವ ತರುಣರು ಈ ಐದನ್ನು ಮೊದಲು ಕಲಿತರೆ ಅವರ ಬೆನ್ನೂ ಉಳಿಯುತ್ತದೆ, ಸೇವೆಯೂ ನಡೆಯುತ್ತದೆ. ಕಾಯಕವನ್ನು ನಂಬಿದ ಪರಂಪರೆಯವರಾದ ನಾವು ಬೆನ್ನಿಗೆ ಮಾತ್ರ ಕಾಯಕವಿಲ್ಲದಂತೆ ಮಾಡಿದ್ದೇವೆ. ದಿನ ಬಿಟ್ಟು ದಿನ ಇಪ್ಪತ್ತು ನಿಮಿಷ ಅದನ್ನು ಹಿಂದಿರುಗಿಸೋಣ.